ಶ್ವೇತಭವನದ ಟೀಚರಮ್ಮ



ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಬೆಳಗಿನ ದೋಸೆ ಹಿಟ್ಟಿಗೆ ಉಪ್ಪು ಹಾಕಿ ಮುಚ್ಚಿಟ್ಟ ಮೇಲೆ ನೀವು ಏನು ಮಾಡುತ್ತೀರಿ? ಟೀವಿ ಮುಂದೆ ಸ್ವಲ್ಪ ಹೊತ್ತು ಕೂರುತ್ತೀರಿ, ಇಲ್ಲವೇ "ಉಸ್ಸಪ್ಪಾ" ಅಂತ ಹಾಸಿಗೆಗೆ ಬೆನ್ನು ಕೊಡುತ್ತೀರಿ. ನಾನೂ ಅಷ್ಟೇ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಆದರೆ ಇಲ್ಲೊಬ್ಬ ಹೆಣ್ಣುಮಗಳಿದ್ದಾರೆ. ದಿನದ ಕೆಲಸ ಮುಗಿದ ಮೇಲೆ ಅವರು ಚೀಲದಿಂದ ಒಂದು ಕಟ್ಟು ಕಾಗದ ತೆಗೆದು, ಪೆನ್ನು ಹಿಡಿದು, ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಒಂದೊಂದಾಗಿ ತಿದ್ದುತ್ತಿದ್ದರು. ಇದರಲ್ಲಿ ಏನು ವಿಶೇಷ, ನಮ್ಮ ಬೀದಿಯ ಹೈಸ್ಕೂಲು ಟೀಚರೂ ಅದನ್ನೇ ಮಾಡುತ್ತಾರಲ್ಲ ಎನ್ನುತ್ತೀರಾ? ವಿಶೇಷ ಇದೆ. ಈಕೆಯ ಗಂಡ ಮೊದಲು ಅಮೆರಿಕದ ಉಪಾಧ್ಯಕ್ಷರು, ಆಮೇಲೆ ಅಧ್ಯಕ್ಷರೇ ಆದರು! ಮನೆ ಎಂದರೆ ಶ್ವೇತಭವನ. ಕೈಗೊಂದು ಕಾಲಿಗೊಂದು ಆಳು. ಕೂತಲ್ಲಿಗೆ ಕಾಫಿ ಬರುವ ಅಂತಸ್ತು. ಆದರೂ ವಾರದಲ್ಲಿ ಇಷ್ಟು ದಿನ ಎಂದು ಕಾಲೇಜಿಗೆ ಹೋಗಿ, ಇಂಗ್ಲಿಷ್ ಬರವಣಿಗೆಯ ಪಾಠ ಹೇಳಿ ಬರುವುದನ್ನು ಅವರು ಬಿಡಲಿಲ್ಲ.

ಅವರೇ ಜಿಲ್ ಬೈಡನ್. ರಾಜಕೀಯದ ಮಾತು ನಮಗಿಲ್ಲಿ ಬೇಡ. ಅವರ ಯಜಮಾನರ ಪಕ್ಷ ಯಾವುದು, ಅವರು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ದಿನಪತ್ರಿಕೆಯವರು ನೋಡಿಕೊಳ್ಳಲಿ. ನಾನು ಹೇಳಹೊರಟಿದ್ದು ಒಬ್ಬ ಟೀಚರಮ್ಮನ ಕಥೆ. ಅದನ್ನು ಹೇಳಲು ನನಗೊಂದು ಸ್ವಂತ ಕಾರಣವೂ ಇದೆ. ನಾನು ಎಸ್.ಎಸ್.ಎಲ್.ಸಿ.ಗೆ ನಿಂತವಳು. ಇಂಗ್ಲಿಷಿನಲ್ಲಿ ಬಂದದ್ದು 37. ನನ್ನ ಇಂಗ್ಲಿಷ್ ಕಾಂಪೊಸಿಷನ್ ಪುಸ್ತಕ ತೆರೆದರೆ ಪುಟದ ತುಂಬ ಕೆಂಪು ಶಾಯಿ, ಕುಂಕುಮ ಚೆಲ್ಲಿದ ಹಾಗೆ! ಯಾಕೆ ತಪ್ಪು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ನಿನಗೆ ಇದು ಹತ್ತೋದಿಲ್ಲ" ಎಂದರು, ನಾನೂ ನಂಬಿಬಿಟ್ಟೆ. ಅಂಥವರಿಗೇ ಪಾಠ ಹೇಳುತ್ತ ಆಯುಷ್ಯ ಕಳೆದ ಹೆಂಗಸು ಎಂದ ಮೇಲೆ ನನಗೆ ಕುತೂಹಲ ಆಗದೆ ಇರುತ್ತದೆಯೇ?

ಐವರು ಹೆಣ್ಣುಮಕ್ಕಳಲ್ಲಿ ಹಿರಿಯಳು

ಜಿಲ್ ಹುಟ್ಟಿದ್ದು 1951ರ ಜೂನ್ 3ರಂದು, ನ್ಯೂಜೆರ್ಸಿ ರಾಜ್ಯದ ಹ್ಯಾಮಂಟನ್ ಎಂಬ ಊರಿನಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ವಿಲೋ ಗ್ರೋವ್‌ನಲ್ಲಿ. ತಂದೆ ಬ್ಯಾಂಕಿನಲ್ಲಿ ಕೌಂಟರಿನ ಕೆಲಸಕ್ಕೆ ಸೇರಿ ಮೇಲೆ ಬಂದವರು, ತಾಯಿ ಗೃಹಿಣಿ. ಐದೂ ಹೆಣ್ಣುಮಕ್ಕಳು, ಅದರಲ್ಲಿ ಇವರೇ ಹಿರಿಯರು. ಹಿರಿಯ ಮಗಳ ಪಾಡು ಎಂದರೆ ನಮಗೆ ಬಿಡಿಸಿ ಹೇಳಬೇಕೆ? ಹದಿನೈದನೆಯ ವಯಸ್ಸಿಗೇ ಸಮುದ್ರದಂಡೆಯ ಊರೊಂದರ ಹೋಟೆಲಿನಲ್ಲಿ ಗಿರಾಕಿಗಳಿಗೆ ಊಟ ಬಡಿಸುವ ಕೆಲಸ ಮಾಡಿ, ಖರ್ಚಿಗೆ ತಾವೇ ಸಂಪಾದಿಸಿಕೊಂಡರು.

1969ರಲ್ಲಿ ಹೈಸ್ಕೂಲು ಮುಗಿಯಿತು. ಆಮೇಲೆ ಸೇರಿದ್ದು ಎರಡು ವರ್ಷದ ಒಂದು ಚಿಕ್ಕ ಕಾಲೇಜಿಗೆ, ಉಡುಪು-ಫ್ಯಾಷನ್ನಿನ ವ್ಯಾಪಾರ ಕಲಿಯಲು. ಅದು ಹಿಡಿಸಲಿಲ್ಲ, ಬಿಟ್ಟರು. 1970ರಲ್ಲಿ ಮದುವೆಯಾಯಿತು. ಅದೂ ಉಳಿಯಲಿಲ್ಲ, 1975ರಲ್ಲಿ ವಿಚ್ಛೇದನವಾಯಿತು. ಇಪ್ಪತ್ತನಾಲ್ಕು ತುಂಬುವುದರೊಳಗೆ ಹಿಡಿದ ಓದು ಒಂದು ಕೈಬಿಟ್ಟಿತು, ಕಟ್ಟಿದ ಮನೆ ಒಂದು ಮುರಿಯಿತು. ನಮ್ಮಲ್ಲಾಗಿದ್ದರೆ ನೆಂಟರಿಷ್ಟರು "ಇನ್ನೇನು, ಹುಡುಗಿಯ ಬಾಳು ಮುಗಿಯಿತು" ಎಂದು ಲೊಚಗುಟ್ಟುತ್ತಿದ್ದರು. ಜಿಲ್ ಅದೇ 1975ರಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಬಿ.ಎ. ಪದವಿ ಪಡೆದರು. ಮೊದಲು ರಜೆ ಹಾಕಿದ ಟೀಚರುಗಳ ಬದಲಿಗೆ ಹೋಗಿ ಪಾಠ ಮಾಡುವ ಕೆಲಸ. ಮಾರನೆಯ ವರ್ಷ, 1976ರಲ್ಲಿ, ವಿಲ್ಮಿಂಗ್ಟನ್ ನಗರದ ಸೇಂಟ್ ಮಾರ್ಕ್ಸ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಧ್ಯಾಪಕಿ.

ತಾಯಿ ಇಲ್ಲದ ಮಕ್ಕಳಿಗೆ ತಾಯಿ

ಆ ಹೊತ್ತಿಗೆ ಜೋ ಬೈಡನ್ ಪರಿಚಯವಾಗಿತ್ತು. ಅವರ ಕಥೆ ಕೇಳಿದರೆ ಕರುಳು ಚುರ್ ಎನ್ನುತ್ತದೆ. 1972ರ ಡಿಸೆಂಬರಿನಲ್ಲಿ ಕಾರು ಅಪಘಾತವಾಗಿ ಅವರ ಮೊದಲ ಹೆಂಡತಿ ನೀಲಿಯಾ, ಪುಟ್ಟ ಮಗಳು ನವೋಮಿ ಇಬ್ಬರೂ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು, ಬೋ ಮತ್ತು ಹಂಟರ್, ಗಾಯಗೊಂಡು ಬದುಕುಳಿದಿದ್ದರು. ಆ ಮಕ್ಕಳ ತಂದೆ ಆಗಷ್ಟೇ ಸೆನೆಟಿಗೆ ಆರಿಸಿ ಬಂದಿದ್ದರು.

ಜೋ ಬೈಡನ್ ಮದುವೆಯ ಮಾತೆತ್ತಿದ್ದು ಒಂದು ಸಲ ಅಲ್ಲ, ಐದು ಸಲ! ಜಿಲ್ ಬೇಗ ಒಪ್ಪಲಿಲ್ಲ. ಕಾರಣ ಬಿಂಕವಲ್ಲ. ಈ ಮಕ್ಕಳು ಆಗಲೇ ಒಬ್ಬ ತಾಯಿಯನ್ನು ಕಳೆದುಕೊಂಡಿದ್ದಾರೆ. ನಾನು ಹೋಗಿ, ನಾಳೆ ಹೊಂದಾಣಿಕೆಯಾಗದೆ ಹೊರಗೆ ಬಂದರೆ, ಅವರು ಎರಡನೆಯ ಸಲ ತಬ್ಬಲಿಗಳಾಗುತ್ತಾರಲ್ಲ ಎಂಬ ಚಿಂತೆ. ಇದು ತಾಯಿಯ ಮನಸ್ಸು ಅಲ್ಲವೇ? ಕೊನೆಗೆ 1977ರ ಜೂನ್ 17ರಂದು ನ್ಯೂಯಾರ್ಕಿನಲ್ಲಿ ಮದುವೆ ನಡೆಯಿತು.

ಗಂಡ ಪ್ರತಿದಿನ ವಿಲ್ಮಿಂಗ್ಟನ್‌ನಿಂದ ವಾಷಿಂಗ್ಟನ್‌ಗೆ ರೈಲಿನಲ್ಲಿ ಹೋಗಿ ಬರುವವರು. ಮನೆಯಲ್ಲಿ ಇಬ್ಬರು ಹುಡುಗರು. ಇದರ ನಡುವೆ ಇವರು ಪಾಠ ಮಾಡುತ್ತಲೇ ತಾವೂ ಓದಿದರು. 1981ರಲ್ಲಿ ವೆಸ್ಟ್ ಚೆಸ್ಟರ್ ಕಾಲೇಜಿನಿಂದ ಒಂದು ಸ್ನಾತಕೋತ್ತರ ಪದವಿ. ಅದರ ವಿಷಯ, ಓದಲು ಕಷ್ಟಪಡುವ ಮಕ್ಕಳಿಗೆ ಓದು ಕಲಿಸುವ ವಿದ್ಯೆ. ಅದೇ ವರ್ಷ ಜೂನ್‌ನಲ್ಲಿ ಮಗಳು ಆ್ಯಶ್ಲೆ ಹುಟ್ಟಿದಳು. ಎರಡು ವರ್ಷ ಕೆಲಸ ಬಿಟ್ಟು ಮೂರು ಮಕ್ಕಳನ್ನು ನೋಡಿಕೊಂಡರು. ಮತ್ತೆ ಕೆಲಸಕ್ಕೆ ಬಂದರು. 1987ರಲ್ಲಿ ವಿಲನೋವಾ ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ.

ಅದೇ 1987ರಲ್ಲಿ ಪತಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಹೊರಟು ಹಿಂದೆ ಸರಿದಿದ್ದರು. 1988ರಲ್ಲಿ ಅವರಿಗೆ ಮೆದುಳಿನ ರಕ್ತನಾಳ ಊದಿಕೊಂಡು ಶಸ್ತ್ರಚಿಕಿತ್ಸೆಯಾಯಿತು, ಜೀವ ಹೋಗಿ ಬಂದ ಹಾಗಾಯಿತು. ಇವರ ಓದಿಗೂ ಕೆಲಸಕ್ಕೂ ಬಿಡುವಾದ ಕಾಲ ಎಂಬುದೇ ಇರಲಿಲ್ಲ ಎನ್ನುವುದಕ್ಕೆ ಇಷ್ಟನ್ನು ಹೇಳಿದೆ.

ಇವರು ಆರಿಸಿಕೊಂಡ ತರಗತಿಗಳನ್ನು ಸ್ವಲ್ಪ ಗಮನಿಸಿ. ಜಾಣ ಮಕ್ಕಳ ದೊಡ್ಡ ಶಾಲೆಗಳ ಹಿಂದೆ ಇವರು ಹೋಗಲಿಲ್ಲ. ಕ್ಲೇಮಾಂಟ್ ಹೈಸ್ಕೂಲಿನಲ್ಲಿ ಓದು ಹಿಂದುಳಿದ ಮಕ್ಕಳಿಗೆ ಪಾಠ. ಎಂಬತ್ತರ ದಶಕದಲ್ಲಿ ಐದು ವರ್ಷ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ, ಮನಸ್ಸು ನೊಂದ ಹರೆಯದ ಹುಡುಗ ಹುಡುಗಿಯರಿಗೆ ಪಾಠ. ಆಮೇಲೆ ಬ್ರಾಂಡಿವೈನ್ ಹೈಸ್ಕೂಲು. ಕೊನೆಗೆ 1993ರಲ್ಲಿ ಡೆಲವೇರ್ ಟೆಕ್ನಿಕಲ್ ಅಂಡ್ ಕಮ್ಯುನಿಟಿ ಕಾಲೇಜು. ಅಲ್ಲಿ ಹದಿನೈದು ವರ್ಷ, 2008ರವರೆಗೆ.

ಕಮ್ಯುನಿಟಿ ಕಾಲೇಜು ಎಂದರೇನು?

ಈ ಹೆಸರು ನಮಗೆ ಹೊಸದು. ಹೀಗೆ ತಿಳಿದುಕೊಳ್ಳಿ. ಅಮೆರಿಕದಲ್ಲಿ ಪದವಿ ಓದು ನಾಲ್ಕು ವರ್ಷ, ಖರ್ಚು ವಿಪರೀತ. ಅದರ ಮೊದಲ ಎರಡು ವರ್ಷದ ಪಾಠವನ್ನು ಮನೆಯ ಹತ್ತಿರವೇ, ಕಡಿಮೆ ಖರ್ಚಿನಲ್ಲಿ ಹೇಳಿಕೊಡುವ ಸಾರ್ವಜನಿಕ ಕಾಲೇಜು ಇದು. ಎರಡು ವರ್ಷ ಮುಗಿಸಿದವರು ಬೇಕಿದ್ದರೆ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪದವಿ ಪೂರೈಸಬಹುದು. ಬೇಡವೆಂದರೆ ನರ್ಸಿಂಗ್, ಯಂತ್ರಗಳ ದುರಸ್ತಿ, ಲೆಕ್ಕಪತ್ರ ಮುಂತಾದ ಕಸುಬು ಕಲಿತು ನೇರ ಕೆಲಸಕ್ಕೆ ಸೇರಬಹುದು. ಇಂಥದರಲ್ಲಿ ಮೊಟ್ಟಮೊದಲನೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ ಶುರುವಾಯಿತು. ಈಗ ದೇಶದ ತುಂಬ ಸುಮಾರು ಸಾವಿರ ಇವೆ.

ಇಲ್ಲಿ ಬಾಗಿಲು ಬಹುತೇಕ ಎಲ್ಲರಿಗೂ ತೆರೆದಿರುತ್ತದೆ. ಹೈಸ್ಕೂಲಿನಲ್ಲಿ ಕಡಿಮೆ ಅಂಕ ಬಂದವರು, ಹಗಲು ದುಡಿದು ಸಂಜೆ ಓದುವವರು, ಸೈನ್ಯದಿಂದ ಮರಳಿದವರು, ಬೇರೆ ದೇಶದಿಂದ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಬಂದವರು, ಮಕ್ಕಳನ್ನು ಶಾಲೆಗೆ ಬಿಟ್ಟು ತಾವೂ ಪುಸ್ತಕ ಹಿಡಿದ ತಾಯಂದಿರು, ಎಲ್ಲರೂ ಒಂದೇ ಬೆಂಚಿನ ಮೇಲೆ! "ಈ ವಯಸ್ಸಿನಲ್ಲಿ ನಿನಗೆ ಯಾಕಮ್ಮಾ ಓದು?" ಎಂದು ಕೇಳುವವರಿಲ್ಲ.

ಆದರೆ ಬಾಗಿಲು ತೆರೆದಿದ್ದರೆ ಸಾಕೆ? ಒಳಗೆ ಬಂದವರು ಉಳಿಯಬೇಕಲ್ಲ! ಅವರಲ್ಲಿ ಎಷ್ಟೋ ಜನರಿಗೆ ಒಂದು ಪುಟ ನೆಟ್ಟಗೆ ಬರೆಯಲು ಬರುವುದಿಲ್ಲ. ಬರೆಯಲು ಬಾರದಿದ್ದರೆ ಮುಂದಿನ ಯಾವ ಪಾಠವೂ ಸಾಗುವುದಿಲ್ಲ. ಅದಕ್ಕೇ ಅಲ್ಲಿ ಬುನಾದಿ ಇಂಗ್ಲಿಷ್ ತರಗತಿ ಇರುತ್ತದೆ. ವಾಕ್ಯ ಕಟ್ಟುವುದು, ಪ್ಯಾರಾ ಕಟ್ಟುವುದು, ಒಂದು ಮಾತು ಹೇಳಿ ಅದಕ್ಕೆ ಕಾರಣ ಕೊಡುವುದು, ಇವುಗಳಿಂದ ಪಾಠ ಶುರು. ಮನೆಗೆ ಪಾಯ ಇದ್ದ ಹಾಗೆ. ಹೊರಗೆ ಕಾಣುವುದಿಲ್ಲ, ಅದಿಲ್ಲದೆ ಗೋಡೆ ನಿಲ್ಲುವುದಿಲ್ಲ. ಜಿಲ್ ಬೈಡನ್ ಕೈಹಿಡಿದದ್ದು ಇಂಥ ತರಗತಿಗಳನ್ನು.

ತಪ್ಪಿಗೂ ಒಂದು ಕಾರಣ ಉಂಟು

ಇಲ್ಲಿ ಇನ್ನೊಬ್ಬ ಹೆಣ್ಣುಮಗಳ ನೆನಪು ಮಾಡಿಕೊಳ್ಳಲೇಬೇಕು. ಅವರ ಹೆಸರು ಮೀನಾ ಶಾನೆಸಿ. ನಮ್ಮ ಹೆಸರಿನಂತೆ ಕೇಳಿಸಿದರೂ ಅಮೆರಿಕದವರೇ. 1970ರಲ್ಲಿ ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾನಿಲಯವು ಹೈಸ್ಕೂಲು ಪಾಸಾದ ನಗರದ ಎಲ್ಲರಿಗೂ ಪ್ರವೇಶ ಕೊಡಲು ಶುರು ಮಾಡಿತು. ಬಡವರ ಮಕ್ಕಳು, ಇಂಗ್ಲಿಷ್ ಮನೆಮಾತಲ್ಲದವರು ಗುಂಪು ಗುಂಪಾಗಿ ಬಂದರು. ಅವರ ಬರವಣಿಗೆ ನೋಡಿ ಪ್ರೊಫೆಸರುಗಳು ಕಂಗಾಲು! "ಇವರಿಗೆ ಕಲಿಸೋದು ಆಗದ ಕೆಲಸ" ಎಂದು ಎಷ್ಟೋ ಮಂದಿ ಕೈಚೆಲ್ಲಿದರು.

ಮೀನಾ ಅವರು ಕೈಚೆಲ್ಲಲಿಲ್ಲ. ಅಂಥ ವಿದ್ಯಾರ್ಥಿಗಳು ಬರೆದ ಸುಮಾರು 4000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ತಪ್ಪುಗಳನ್ನು ಪರಿಶೀಲಿಸಿದರು. ಕಂಡದ್ದೇನು? ಈ ತಪ್ಪುಗಳು ಬುದ್ಧಿ ಇಲ್ಲದ್ದರಿಂದ ಆದವಲ್ಲ, ಸೋಮಾರಿತನದವೂ ಅಲ್ಲ. ಪ್ರತಿ ತಪ್ಪಿನ ಹಿಂದೆ ಬರೆದವನದೇ ಆದ ಒಂದು ಲೆಕ್ಕಾಚಾರ ಇದೆ. ಆ ಲೆಕ್ಕಾಚಾರ ಹಿಡಿದರೆ ತಿದ್ದುವುದು ಸಾಧ್ಯ. 1977ರಲ್ಲಿ ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆದರು. ಮಾರನೆಯ ವರ್ಷವೇ ತೀರಿಕೊಂಡರು. ಬರವಣಿಗೆ ಕಲಿಸುವ ಅಧ್ಯಾಪಕರು ಇಂದಿಗೂ ಆ ಪುಸ್ತಕವನ್ನು ಹೇಳಿಕೊಳ್ಳುತ್ತಾರೆ.

ಇದು ಓದಿದಾಗ ನನಗೆ ನನ್ನದೇ ಪುಸ್ತಕ ನೆನಪಾಯಿತು. ನಾನು "ಐ ವೆಂಟ್ ಟು ಮಾರ್ಕೆಟ್" ಎಂದು ಬರೆದರೆ ಮಧ್ಯೆ "ದಿ" ಇಲ್ಲ ಎಂದು ಕೆಂಪು ಗೆರೆ. "ಐ ಸಾ ಡಾಗ್" ಎಂದರೆ "ಎ" ಇಲ್ಲ ಎಂದು ಇನ್ನೊಂದು ಗೆರೆ. ಯಾಕೆ ಬಿಡುತ್ತಿದ್ದೆ ಹೇಳಿ? ಕನ್ನಡದಲ್ಲಿ "ಮಾರ್ಕೆಟ್ಟಿಗೆ ಹೋದೆ", "ನಾಯಿ ನೋಡಿದೆ" ಎಂದರೆ ಮುಗಿಯಿತು. "ಎ" "ದಿ" ಎಂಬ ಪದಾರ್ಥವೇ ನಮ್ಮ ಭಾಷೆಯಲ್ಲಿಲ್ಲ! ಇಲ್ಲದ್ದನ್ನು ಹಾಕಬೇಕೆಂದು ತಾನಾಗಿಯೇ ಹೇಗೆ ಹೊಳೆಯಬೇಕು? "ನಿಮ್ಮ ಕನ್ನಡದಲ್ಲಿ ಇದು ಇಲ್ಲ ಮಗು, ಇಂಗ್ಲಿಷಿನಲ್ಲಿ ಇದೆ, ನೋಡು ಹೀಗೆ" ಎಂದು ಒಂದೇ ಒಂದು ದಿನ ಯಾರಾದರೂ ಹೇಳಿದ್ದರೆ ಸಾಕಾಗಿತ್ತು. ನಾನು ದಡ್ಡಿ ಎಂದುಕೊಂಡು ಇಷ್ಟು ವರ್ಷ ಕಳೆದೆನಲ್ಲ!

ಒಂದು ಪ್ರಬಂಧ ತಿದ್ದುವುದು ಎಂದರೆ ಬರೀ ಗೆರೆ ಎಳೆಯುವುದಲ್ಲ ಎಂದು ಈಗ ತಿಳಿಯಿತು. ಬರೆದವರು ಏನು ಹೇಳಹೊರಟಿದ್ದರು ಎಂದು ಊಹಿಸಬೇಕು, ಎಲ್ಲಿ ಎಡವಿದರು ನೋಡಬೇಕು, ಮನಸ್ಸು ಮುರಿಯದ ಹಾಗೆ ಹೇಳಬೇಕು. ಒಂದಕ್ಕೆ ಹದಿನೈದು ನಿಮಿಷ ಹಿಡಿದರೂ ಇಪ್ಪತ್ತು ಪ್ರಬಂಧಕ್ಕೆ ಐದು ಗಂಟೆ! ಅದಕ್ಕೇ ಬರವಣಿಗೆಯ ಟೀಚರುಗಳ ಚೀಲ ಎಂದೂ ಖಾಲಿ ಇರುವುದಿಲ್ಲ. ಉಪಾಧ್ಯಕ್ಷರ ಪತ್ನಿಯಾಗಿದ್ದಾಗ ಜಿಲ್ ವಿಮಾನ ಪ್ರಯಾಣದಲ್ಲೂ ಪೇಪರು ತಿದ್ದುತ್ತ ಕೂರುತ್ತಿದ್ದರಂತೆ. ಆಗ ಅಧ್ಯಕ್ಷರ ಪತ್ನಿಯಾಗಿದ್ದ ಮಿಶೆಲ್ ಒಬಾಮ ಅವರೇ ಇದನ್ನು ಹೇಳಿದ್ದಾರೆ.

ಐವತ್ತೈದಕ್ಕೆ ಡಾಕ್ಟರೇಟ್

ಡೆಲವೇರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಜಿಲ್ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಸೇರಿದವರೆಲ್ಲ ಯಾಕೆ ಉಳಿಯುವುದಿಲ್ಲ? ನಡುವೆಯೇ ಯಾಕೆ ಬಿಟ್ಟುಹೋಗುತ್ತಾರೆ? ಈ ಪ್ರಶ್ನೆಯನ್ನೇ ಹಿಡಿದು ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣ ವಿಷಯದಲ್ಲಿ ಡಾಕ್ಟರೇಟಿಗೆ ಓದಿದರು. 2007ರ ಜನವರಿಯಲ್ಲಿ ಪದವಿ ಕೈಗೆ ಬಂತು. ಆಗ ಅವರಿಗೆ ವಯಸ್ಸು 55!

ಅವರ ಪ್ರಬಂಧದ ಸಾರ ನಮಗೂ ಅರ್ಥವಾಗುವಂಥದು. ವಿದ್ಯಾರ್ಥಿ ಉಳಿಯಬೇಕಾದರೆ ಬರೀ ಪಾಠ ಸಾಲದು. ಅವರ ಮನಸ್ಸಿನ ಕಷ್ಟ, ಜೊತೆಗಾರರ ಒಡನಾಟ, ದೇಹದ ಆರೋಗ್ಯ, ಇವನ್ನೂ ಕಾಲೇಜು ನೋಡಿಕೊಳ್ಳಬೇಕು. ಮನೆಯಲ್ಲಿ ಮಗುವಿಗೆ ಜ್ವರ, ಕೆಲಸದ ಪಾಳಿ ಬದಲು, ಬಸ್ಸಿಗೆ ಕಾಸಿಲ್ಲ, ಇಂಥ ಸಣ್ಣ ಕಲ್ಲುಗಳಿಗೇ ಅಲ್ಲವೇ ನಾವು ಎಡವಿ ಬೀಳುವುದು? ಬೆಟ್ಟಕ್ಕೆ ಎಡವಿ ಬಿದ್ದವರುಂಟೇ!

ಈ ಡಾಕ್ಟರೇಟಿನ ಬಗ್ಗೆ ಅವರ ಯಜಮಾನರು ಒಂದು ತಮಾಷೆ ಹೇಳುತ್ತಿದ್ದರು. ಮನೆಗೆ ಬರುವ ಕಾಗದದ ಮೇಲೆಲ್ಲ "ಸೆನೆಟರ್ ಮತ್ತು ಶ್ರೀಮತಿ ಬೈಡನ್" ಎಂದೇ ಇರುತ್ತಿತ್ತಂತೆ. ಅದನ್ನು ನೋಡಿ ನೋಡಿ ಬೇಸತ್ತು, "ಡಾಕ್ಟರ್ ಮತ್ತು ಸೆನೆಟರ್ ಬೈಡನ್" ಎಂದು ಬರಲಿ ಎಂದೇ ಓದಿದಳು ಎನ್ನುತ್ತಿದ್ದರು. ತಮಾಷೆಯೇ ಇರಬಹುದು. ಆದರೆ ಮದುವೆ ಕರೆಯೋಲೆಯ ಮೇಲೆ "ಶ್ರೀಮತಿ ಮತ್ತು ಶ್ರೀ" ಎಂದು ಬರೆದು ಆಮೇಲೆ ಗಂಡನ ಹೆಸರೊಂದೇ ಇರುವುದನ್ನು ನೋಡಿದ ನಮಗೆ ಅದರ ಒಳಗಿನ ಚುಚ್ಚು ಗೊತ್ತಾಗದೆ ಇರುತ್ತದೆಯೇ?

"ಅವರು ನಮ್ಮ ನೆಂಟರು"

2009ರಲ್ಲಿ ಜೋ ಬೈಡನ್ ಉಪಾಧ್ಯಕ್ಷರಾದರು, ಸಂಸಾರ ವಾಷಿಂಗ್ಟನ್‌ಗೆ ಬಂತು. ಇನ್ನಾದರೂ ಕೆಲಸ ಬಿಡುತ್ತಾರೆ ಎಂದುಕೊಂಡವರಿಗೆ ನಿರಾಶೆಯಾಯಿತು. ಅಲ್ಲಿಗೆ ಹತ್ತಿರದ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನ ಅಲೆಕ್ಸಾಂಡ್ರಿಯಾ ಕೇಂದ್ರದಲ್ಲಿ ಅರೆಕಾಲಿಕ ಅಧ್ಯಾಪಕಿಯಾಗಿ ಸೇರಿಯೇಬಿಟ್ಟರು. ಮನೆಯಲ್ಲಿ ಇಂಗ್ಲಿಷ್ ಆಡದವರಿಗೆ ಇಂಗ್ಲಿಷ್, ಮತ್ತೆ ಅದೇ ಬುನಾದಿ ಬರವಣಿಗೆ. ಮುಂದೆ ಅಲ್ಲೇ ಪೂರ್ಣಾವಧಿಯ ಪ್ರಾಧ್ಯಾಪಕಿಯಾದರು.

ಅವರ ಅಂಗರಕ್ಷಕರು ವಿದ್ಯಾರ್ಥಿಗಳಂತೆ ಬಟ್ಟೆ ಹಾಕಿ, ಬೆನ್ನಿಗೆ ಚೀಲ ಏರಿಸಿ ಓಡಾಡುತ್ತಿದ್ದರಂತೆ! ಎಷ್ಟೋ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿರುವವರು ಯಾರೆಂದೇ ಗೊತ್ತಿರಲಿಲ್ಲ. "ನಿಮಗೂ ಆ ಬೈಡನ್‌ರಿಗೂ ಏನಾದರೂ ಸಂಬಂಧವೇ?" ಎಂದು ಯಾರಾದರೂ ಕೇಳಿದರೆ "ನಮ್ಮ ನೆಂಟರು" ಎನ್ನುವಂತೆ ಹೇಳಿ ಪಾಠಕ್ಕೆ ತಿರುಗುತ್ತಿದ್ದರು. ಗಂಡನ ಹೆಸರು ಹೇಳದೆ ಸೊಪ್ಪಿನ ಅಂಗಡಿಯಲ್ಲೂ ಚೌಕಾಸಿ ಮಾಡದವರನ್ನು ನಾವು ಕಂಡಿದ್ದೇವೆ. ಇದು ಹೇಗಿದೆ ನೋಡಿ!

2015ರ ಮೇ ತಿಂಗಳಲ್ಲಿ ದೊಡ್ಡ ಮಗ ಬೋ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡರು. 46 ವರ್ಷದ ಮಗ. ಹೆತ್ತವರಲ್ಲದಿದ್ದರೂ ಎಂಟರ ಹರೆಯದಿಂದ ಸಾಕಿದ ತಾಯಿ. ಆ ಸಂಕಟದ ನಂತರವೂ ಅವರು ತರಗತಿಯನ್ನು ಬಿಡಲಿಲ್ಲ.

2020ರಲ್ಲಿ ಚುನಾವಣೆಯ ಓಡಾಟಕ್ಕಾಗಿ ರಜೆ ಹಾಕಿದ್ದರು. 2021ರ ಜನವರಿಯಲ್ಲಿ ಗಂಡ ಅಧ್ಯಕ್ಷರಾದ ಮೇಲೆ ಮತ್ತೆ ಪಾಠ ಶುರು. ಕೊರೋನಾ ಕಾಲ, ಮೊದಲು ಕಂಪ್ಯೂಟರಿನ ಮೂಲಕ. ಸೆಪ್ಟೆಂಬರಿನಿಂದ ಮತ್ತೆ ಕಾಲೇಜಿನ ಕೋಣೆಗೇ ಹೋಗಿ ಪಾಠ. ಅಧ್ಯಕ್ಷರ ಪತ್ನಿ ಶ್ವೇತಭವನದ ಹೊರಗೆ ಸಂಬಳದ ಕೆಲಸ ಮುಂದುವರಿಸಿದ್ದು ಅಮೆರಿಕದ ಚರಿತ್ರೆಯಲ್ಲೇ ಇದು ಮೊದಲು.

ಮೆಚ್ಚುಗೆಯ ಜೊತೆ ಕೊಂಕು

ಹೆಣ್ಣು ಏನು ಮಾಡಿದರೂ ಕೊಂಕು ಹುಡುಕುವವರು ಎಲ್ಲ ದೇಶದಲ್ಲೂ ಇದ್ದಾರೆ. 2020ರ ಡಿಸೆಂಬರಿನಲ್ಲಿ ಅಲ್ಲಿಯ ದೊಡ್ಡ ಪತ್ರಿಕೆ 'ವಾಲ್ ಸ್ಟ್ರೀಟ್ ಜರ್ನಲ್'ನಲ್ಲಿ ಹಿರಿಯ ಲೇಖಕರೊಬ್ಬರು ಬರೆದರು. ಈಕೆ ವೈದ್ಯರಲ್ಲ, ಹೆಸರಿನ ಮುಂದಿನ "ಡಾಕ್ಟರ್" ಬಿಡುವುದು ಒಳ್ಳೆಯದು ಎಂದು ಅವರ ಸಲಹೆ! ಓದಿದವರಿಗೆ, ಅದರಲ್ಲೂ ಹೆಂಗಸರಿಗೆ, ಸಿಟ್ಟು ಬಂತು. ಎಷ್ಟೋ ಮಂದಿ ವಿದುಷಿಯರು ತಮ್ಮ ಹೆಸರಿನ ಮುಂದೆಯೂ "ಡಾಕ್ಟರ್" ಎಂದು ಬರೆದುಕೊಂಡು ಉತ್ತರ ಕೊಟ್ಟರು. ವಿದ್ಯಾರ್ಥಿಗಳ ಪಾಲಿಗೆ ಅವರು ಮೊದಲೂ "ಡಾಕ್ಟರ್ ಬಿ", ಆಮೇಲೂ "ಡಾಕ್ಟರ್ ಬಿ".

ಎಲ್ಲ ಆಸೆಯೂ ಕೈಗೂಡಲಿಲ್ಲ. 2010ರ ಅಕ್ಟೋಬರಿನಲ್ಲಿ ಕಮ್ಯುನಿಟಿ ಕಾಲೇಜುಗಳ ಬಗ್ಗೆಯೇ ಶ್ವೇತಭವನದಲ್ಲಿ ಸಮ್ಮೇಳನ ನಡೆಯಿತು, ಅದರ ಮುಂದಾಳು ಇವರೇ. 2021ರಲ್ಲಿ ಈ ಕಾಲೇಜುಗಳ ಎರಡು ವರ್ಷದ ಓದನ್ನು ದೇಶದಲ್ಲೆಲ್ಲ ಉಚಿತ ಮಾಡಬೇಕೆಂಬ ಯೋಜನೆಯನ್ನು ಅಧ್ಯಕ್ಷರು ಮುಂದಿಟ್ಟರು. ಜಿಲ್ ಊರೂರು ತಿರುಗಿ ಅದರ ಪರವಾಗಿ ಮಾತಾಡಿದರು. ಆದರೆ ಶಾಸನಸಭೆಯ ಎಳೆದಾಟದಲ್ಲಿ ಆ ಅಂಶ ಬಿದ್ದುಹೋಯಿತು. 2022ರ ಫೆಬ್ರವರಿಯಲ್ಲಿ ಕಾಲೇಜಿನವರ ಸಭೆಯಲ್ಲಿ ನಿಂತು, ಅದು ಈಗ ಆಗುವುದಿಲ್ಲ ಎಂದು ಅವರೇ ಹೇಳಬೇಕಾಯಿತು. ಗಂಡ ದೇಶದ ಅಧ್ಯಕ್ಷ, ಆದರೂ ತನ್ನ ವಿದ್ಯಾರ್ಥಿಗಳಿಗೆ ಬೇಕಾದ್ದನ್ನು ಕೊಡಿಸಲಾಗಲಿಲ್ಲ. ಮುಂದೇನು ಮಾಡಿದರು? ಚೀಲ ತಗೊಂಡು ತರಗತಿಗೆ ಹೋದರು. ಕಾಯಿದೆಯಿಂದ ಆಗದ್ದು ಇರಬಹುದು, ಆದರೆ ಎದುರಿಗೆ ಕೂತವರ ಪ್ರಬಂಧ ತಿದ್ದಿಕೊಡುವುದನ್ನು ಯಾರೂ ತಡೆಯಲಾರರಲ್ಲ.

ನೀವು ಕೇಳಬಹುದು, "ಅವರಿಗೇನಮ್ಮಾ, ಅಡುಗೆಯವರು, ಕಾರು, ದುಡ್ಡು ಎಲ್ಲ ಇದೆ. ನಮ್ಮ ಹಾಗೆ ನೀರು ಬಂತೇ, ಗ್ಯಾಸ್ ಮುಗಿಯಿತೇ ಅಂತ ನೋಡಬೇಕೇ?" ನಿಜ. ಅವರಿಗಿದ್ದ ಅನುಕೂಲ ನಮಗಿಲ್ಲ, ಒಪ್ಪುತ್ತೇನೆ. ಆದರೆ ಅಷ್ಟೇ ಅನುಕೂಲ ಇದ್ದವರು ಎಷ್ಟು ಜನ ಪರರ ಮಕ್ಕಳ ತಪ್ಪು ವಾಕ್ಯಗಳ ಮುಂದೆ ರಾತ್ರಿ ನಿದ್ದೆಗೆಟ್ಟರು ಹೇಳಿ!

2024ರ ಡಿಸೆಂಬರಿನಲ್ಲಿ ಆ ಕಾಲೇಜಿನಲ್ಲಿ ಅವರು ತಮ್ಮ ಕೊನೆಯ ತರಗತಿ ತೆಗೆದುಕೊಂಡರು. ಆ ಕಾಲೇಜಿನಲ್ಲಿ ಸುಮಾರು ಹದಿನಾರು ವರ್ಷ, ಟೀಚರಾಗಿ ಒಟ್ಟು ನಲವತ್ತಕ್ಕೂ ಹೆಚ್ಚು ವರ್ಷ. ಮುಂದಿನ ತಿಂಗಳು, 2025ರ ಜನವರಿ 20ರಂದು, ಶ್ವೇತಭವನವನ್ನೂ ಬಿಟ್ಟರು. ಆ ಮನೆ ಅವರಿಗೆ ಗಂಡನಿಂದ ಬಂದದ್ದು, ನಾಲ್ಕು ವರ್ಷದ್ದು. ತರಗತಿ ತಾನೇ ಸಂಪಾದಿಸಿದ್ದು.

ನನ್ನದೊಂದು ತಪ್ಪೊಪ್ಪಿಗೆ

ಮುಗಿಸುವ ಮೊದಲು ನಿಮ್ಮ ಹತ್ತಿರ ಒಂದು ವಿಷಯ ಹೇಳಿಕೊಳ್ಳಬೇಕು. ನಮ್ಮ ಮನೆ ಬಾಗಿಲಿಗೆ ದಿನಾ ಸಂಜೆ ಹೂವು ತರುವಾಕೆ ಒಬ್ಬಳಿದ್ದಾಳೆ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ಕಳೆದ ವರ್ಷ ಒಂದು ದಿನ, ಮೊಳ ಅಳೆದು ಕೊಡುತ್ತ, "ಅಕ್ಕಾ, ಬ್ಯಾಂಕಿನ ಚೀಟಿ ತುಂಬೋದು ಕಲಿಸಿಕೊಡ್ತೀರಾ? ದಿನಾ ಯಾರ್ದಾದ್ರೂ ಕಾಲು ಹಿಡೀಬೇಕು" ಎಂದಳು. ನಾನು ನಗುತ್ತ "ಈ ವಯಸ್ಸಲ್ಲಿ ಯಾಕೆ ಬಿಡೇ, ನಿನ್ನ ಮಗನೇ ತುಂಬಿಕೊಡ್ತಾನೆ" ಎಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ನಾನು ಕೇಳದೆ ಸುಮ್ಮನಾದ ಹಾಗೆಯೇ!

ಈ ಟೀಚರಮ್ಮನ ಕಥೆ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ನಿನಗೆ ಇದು ಹತ್ತೋದಿಲ್ಲ" ಎಂದು ನನಗೆ ಯಾರೋ ಹೇಳಿದ್ದನ್ನು ನಾನೇ ಇನ್ನೊಬ್ಬಳಿಗೆ ಹೇಳಿದೆನಲ್ಲ ಎಂದು. ಮಾರನೆಯ ಸಂಜೆ ಅವಳನ್ನು ಕರೆದು ಜಗಲಿಯ ಮೇಲೆ ಕೂರಿಸಿದೆ. ಈಗ ಎರಡು ತಿಂಗಳಾಯಿತು. ವಾರಕ್ಕೆ ಮೂರು ದಿನ, ಹೂವು ಮಾರಿ ಮುಗಿದ ಮೇಲೆ ಅರ್ಧ ಗಂಟೆ. ಹೆಸರು ಬರೆಯುತ್ತಾಳೆ, ಅಂಕಿ ಬರೆಯುತ್ತಾಳೆ, ಒತ್ತಕ್ಷರದಲ್ಲಿ ಎಡವುತ್ತಾಳೆ. "ಅಕ್ಕ" ಎಂದು ಬರೆಯಲು ಹೇಳಿದರೆ "ಅಕಕ" ಎಂದು ಬರೆದಳು. ನಗು ಬಂತು, ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಯಿತು. ಆಮೇಲೆ ಯೋಚಿಸಿದೆ. ಅವಳ ಕಿವಿಗೆ ಎರಡು ಕಕಾರ ಕೇಳಿದೆ, ಎರಡು ಬರೆದಿದ್ದಾಳೆ. ಲೆಕ್ಕ ಸರಿಯಾಗಿಯೇ ಇದೆಯಲ್ಲ! ಒಂದನ್ನು ಇನ್ನೊಂದರ ಕೆಳಗೆ ಇಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಹೇಳಿಕೊಟ್ಟೆ. ಬರೆದಳು. ಮೊನ್ನೆ ಬ್ಯಾಂಕಿನ ಚೀಟಿ ತಾನೇ ತುಂಬಿ, ದುಡ್ಡು ಕಟ್ಟಿ ಬಂದು, ಆ ರಸೀದಿಯನ್ನು ನನಗೆ ತೋರಿಸಿದಳು. ಆ ದಿನ ಹೂವಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೇಡವೆಂದರೂ ಕೇಳದೆ ತಾನೇ ನನ್ನ ಮುಡಿಗೆ ಮುಡಿಸಿ ಹೋದಳು.

ನಿಮ್ಮ ಮನೆಯ ಆಸುಪಾಸಿನಲ್ಲೂ ಹೀಗೆ ಕೇಳಲು ಸಂಕೋಚಪಡುವವರು ಯಾರಾದರೂ ಇರಬಹುದು, ಸ್ವಲ್ಪ ನೋಡಿ. ಅಥವಾ ಹಾಗೆ ಕೇಳಬೇಕಾದವರು ನೀವೇ ಆಗಿದ್ದರೆ, ದಯವಿಟ್ಟು ಕೇಳಿ. ನಾನಂತೂ ನನ್ನ ಮಗಳನ್ನು ಕೇಳಿದ್ದೇನೆ. ರಾತ್ರಿ ದೋಸೆ ಹಿಟ್ಟು ಮುಚ್ಚಿಟ್ಟ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ಅವಳು ನೋಡುತ್ತಾಳೆ. "ದಿ" ಈಗಲೂ ಮರೆಯುತ್ತದೆ. ಆದರೆ ಯಾಕೆ ಮರೆಯುತ್ತದೆ ಎಂದು ಈಗ ನನಗೆ ಗೊತ್ತು.